ಕುರಿಯ ಹೊಟ್ಟೆಯ ಏಕಕೋಶ ಜೀವಿಗಳು ಮತ್ತು ಜಲಜನಕದ ಲೆಕ್ಕ

ಕುರಿಯ ಹೊಟ್ಟೆಯ ನಾಲ್ಕು ಕೋಣೆಗಳಲ್ಲಿ ಅತಿ ದೊಡ್ಡದಾದ, ಮೇವು ಮೊದಲು ಬಂದು ಬೀಳುವ ಕೋಣೆಗೆ ರೂಮೆನ್ ಎಂದು ಹೆಸರು. ಅಲ್ಲಿಂದ ತೆಗೆದ ದ್ರವವನ್ನು ಬಟ್ಟೆಯಲ್ಲಿ ಸೋಸಿ, ಗಾಜಿನ ಕೊಳವೆಗೆ ಹಾಕಿ, ಚಿಟಿಕೆಯಷ್ಟು ಗ್ಲೂಕೋಸ್ ಬೆರೆಸಿ, 39 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಅಲುಗಾಡದಂತೆ ಇಟ್ಟರೆ ಸ್ವಲ್ಪ ಹೊತ್ತಿನಲ್ಲಿ ಅದು ತಾನಾಗಿಯೇ ಬೇರ್ಪಡುತ್ತದೆ. ಹುಲ್ಲಿನ ಸಣ್ಣ ಚೂರುಗಳು ಅನಿಲದ ಗುಳ್ಳೆಗಳನ್ನು ಹಿಡಿದುಕೊಂಡು ಮೇಲೇರಿ ಕೆನೆಯಂತೆ ಕಟ್ಟಿಕೊಳ್ಳುತ್ತವೆ. ತಳದಲ್ಲಿ ಸುಣ್ಣದ ನೀರಿನ ಗಸಿಯಂಥ ಬಿಳಿ ಪದರವೊಂದು ಕೂರುತ್ತದೆ. ಆ ಗಸಿಯ ಒಂದು ಹನಿಯನ್ನು, ತಣ್ಣಗಾಗಲು ಬಿಡದೆ, ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ನೋಡಿದವರಿಗೆ ಅದು ಗಸಿಯಲ್ಲ, ಜೀವಿಗಳ ಸಂತೆ ಎಂಬುದು ತಕ್ಷಣ ತಿಳಿಯುತ್ತದೆ. ಮೈತುಂಬ ಲೋಮಗಳಿರುವ ಅಂಡಾಕಾರದ ಕೋಶಗಳು ತಿರುಗುತ್ತ ಮುನ್ನುಗ್ಗುತ್ತವೆ. ಬಾಯಿಯ ಸುತ್ತ ಮಾತ್ರ ಲೋಮಗಳ ಗೊಂಚಲಿರುವ ಚಿಕ್ಕ ಕೋಶಗಳು ತಡೆದು ತಡೆದು ಚಲಿಸುತ್ತವೆ. ಗ್ಲೂಕೋಸನ್ನು ಆತುರದಿಂದ ಹೀರಿ, ಅದನ್ನು ಪಿಷ್ಟದಂಥ ಅಮೈಲೊಪೆಕ್ಟಿನ್ ಕಣಗಳಾಗಿ ಕೂಡಿಟ್ಟುಕೊಂಡದ್ದರಿಂದಲೇ ಅವು ಭಾರವಾಗಿ ತಳ ಸೇರಿವೆ.

ಪ್ರೊಟೊಜೋವಾ ಎಂದು ಕರೆಯುವ ಈ ಏಕಕೋಶ ಜೀವಿಗಳನ್ನು 1843ರಲ್ಲಿ ಗ್ರೂಬಿ ಮತ್ತು ಡೆಲಾಫೋಂ ಎಂಬ ವಿಜ್ಞಾನಿಗಳು ಮೊದಲ ಬಾರಿಗೆ ವರ್ಣಿಸಿದರು. ರೂಮೆನ್ ದ್ರವದ ಒಂದು ಮಿಲಿಲೀಟರಿನಲ್ಲಿ ಸಾಮಾನ್ಯವಾಗಿ ಒಂದು ಲಕ್ಷದಿಂದ ಹತ್ತು ಲಕ್ಷದಷ್ಟು ಪ್ರೊಟೊಜೋವಾಗಳು ಇರುತ್ತವೆ. ಬ್ಯಾಕ್ಟೀರಿಯಾಗಳ ಸಂಖ್ಯೆಯ ಮುಂದೆ ಇದು ಏನೂ ಅಲ್ಲ. ಆದರೆ ಒಂದೊಂದು ಪ್ರೊಟೊಜೋವಾದ ಗಾತ್ರ ದೊಡ್ಡದಾದ್ದರಿಂದ ರೂಮೆನ್‌ನ ಸೂಕ್ಷ್ಮಜೀವಿಗಳ ಒಟ್ಟು ತೂಕದಲ್ಲಿ ಅರ್ಧದವರೆಗೂ ಇವುಗಳ ಪಾಲು ಇರಬಲ್ಲದು. ಇವು ಹೊರಗಿನ ಗಾಳಿಯಲ್ಲಿ ಬದುಕಲಾರವು, ಒಣಗಿ ಕಾಯ್ದುಕೊಳ್ಳುವ ಗಟ್ಟಿ ಕವಚವನ್ನೂ ಕಟ್ಟಲಾರವು. ಕುರಿಮರಿಗೆ ಇವು ಬರುವುದು ತಾಯಿಯ ಮತ್ತು ಮಂದೆಯ ಇತರ ಕುರಿಗಳ ಜೊಲ್ಲಿನ ಮೂಲಕ. ಹುಟ್ಟಿದ ಕೂಡಲೇ ಬೇರೆ ಮಾಡಿ ಬೆಳೆಸಿದ ಮರಿಯ ರೂಮೆನ್‌ನಲ್ಲಿ ಪ್ರೊಟೊಜೋವಾಗಳೇ ಇರುವುದಿಲ್ಲ, ಆದರೂ ಆ ಮರಿ ಬದುಕುತ್ತದೆ. ಈ ಸಂಗತಿಯೇ ಮುಂದೆ ಬಹಳಷ್ಟು ಪ್ರಯೋಗಗಳಿಗೆ ದಾರಿಯಾಯಿತು.

ಇಲ್ಲಿ ಏಳುವ ಮೂಲಭೂತ ಪ್ರಶ್ನೆ ಶಕ್ತಿಯದು. ನಮ್ಮ ಜೀವಕೋಶಗಳಂತೆ ಇವುಗಳಲ್ಲೂ ಕೋಶಕೇಂದ್ರವಿದೆ, ಪೊರೆ ಸುತ್ತಿದ ಕಣದಂಗಗಳಿವೆ. ಅಂಥ ಕೋಶಗಳು ಸಾಮಾನ್ಯವಾಗಿ ಮೈಟೋಕಾಂಡ್ರಿಯಾದಲ್ಲಿ ಆಮ್ಲಜನಕವನ್ನು ಬಳಸಿ, ಕೋಶದ ಶಕ್ತಿಯ ನಾಣ್ಯವಾದ ಎಟಿಪಿ ಎಂಬ ಅಣುವನ್ನು ತಯಾರಿಸುತ್ತವೆ. ರೂಮೆನ್‌ನಲ್ಲಿ ಆಮ್ಲಜನಕ ಇಲ್ಲವೆನ್ನುವಷ್ಟು ಕಡಿಮೆ. ಹಾಗಾದರೆ ಆಹಾರವನ್ನು ಉತ್ಕರ್ಷಿಸಿದಾಗ ಹೊರಬೀಳುವ ಇಲೆಕ್ಟ್ರಾನ್‌ಗಳನ್ನು ಇವು ಯಾರಿಗೆ ಒಪ್ಪಿಸುತ್ತವೆ? ಉತ್ತರ ಸಿಕ್ಕಿದ್ದು ಬೇರೆಯದೇ ಆದ ಒಂದು ಜೀವಿಯಲ್ಲಿ. ದನಗಳಲ್ಲಿ ಗರ್ಭಪಾತಕ್ಕೆ ಕಾರಣವಾಗುವ ಟ್ರೈಟ್ರೈಕೊಮೊನಾಸ್ ಫೀಟಸ್ ಎಂಬ ಪರಾವಲಂಬಿಯನ್ನು ಅಧ್ಯಯನ ಮಾಡುತ್ತಿದ್ದ ಡೊನಾಲ್ಡ್ ಲಿಂಡ್‌ಮಾರ್ಕ್ ಮತ್ತು ಮಿಕ್ಲೋಶ್ ಮ್ಯೂಲರ್, 1973ರಲ್ಲಿ, ಅದರೊಳಗಿನ ಒಂದು ಬಗೆಯ ಕಣಗಳು ಜಲಜನಕ ಅನಿಲವನ್ನು ಉತ್ಪಾದಿಸುತ್ತವೆ ಎಂದು ತೋರಿಸಿ, ಅವುಗಳಿಗೆ ಹೈಡ್ರೊಜಿನೋಸೋಮ್ ಎಂದು ಹೆಸರಿಟ್ಟರು. ಜಲಜನಕದ ಕಾಯ ಎಂಬುದು ಆ ಹೆಸರಿನ ಅರ್ಥ. 1981ರಲ್ಲಿ ಯಾರ್ಲೆಟ್, ಲಾಯ್ಡ್, ವಿಲಿಯಮ್ಸ್ ಮತ್ತು ಸಂಗಡಿಗರು ರೂಮೆನ್‌ನ ಡಾಸಿಟ್ರೈಕಾ ರುಮಿನಾಂಟಿಯಮ್ ಎಂಬ ಸಿಲಿಯೇಟ್‌ನಲ್ಲಿ (ಲೋಮಗಳಿರುವ ಪ್ರೊಟೊಜೋವಾಗಳಿಗೆ ಈ ಹೆಸರು) ಅದೇ ಕಣದಂಗವನ್ನು ಗುರುತಿಸಿದರು. ಎರಡೇ ವರ್ಷಗಳಲ್ಲಿ ಕುರಿಯ ರೂಮೆನ್‌ನಿಂದ ಬೇರ್ಪಡಿಸಿದ ಐಸೊಟ್ರೈಕಾ ಪ್ರಭೇದಗಳಲ್ಲೂ ಅದು ಕಂಡುಬಂತು. ಅಷ್ಟರೊಳಗೆ ಬಾಯಿಯ ಬಳಿ ಮಾತ್ರ ಲೋಮಗೊಂಚಲಿರುವ ಒಫ್ರಿಯೊಸ್ಕೊಲೆಸಿಡೇ ಕುಟುಂಬದಲ್ಲೂ ಅದರ ಇರುವಿಕೆ ವರದಿಯಾಗಿತ್ತು.

ಒಂದು ಮೈಕ್ರೊಮೀಟರಿನ ಆಸುಪಾಸಿನ, ಅನೇಕ ವೇಳೆ ಅದಕ್ಕಿಂತ ಚಿಕ್ಕದಾದ ಈ ಕಣದಂಗದಲ್ಲಿ ನಡೆಯುವ ಕೆಲಸವನ್ನು ಹಂತ ಹಂತವಾಗಿ ನೋಡಬೇಕು, ಏಕೆಂದರೆ ಮೆಲುಕು ಹಾಕುವ ಪ್ರಾಣಿಗಳು ತೇಗಿನಲ್ಲಿ ಬಿಡುವ, ಭೂಮಿಯ ಬಿಸಿ ಹೆಚ್ಚಿಸುವ ಮೀಥೇನ್ ಅನಿಲದ ಕುರಿತ ಇಂದಿನ ಚರ್ಚೆಯಲ್ಲಿ ಬಿಟ್ಟುಹೋಗುತ್ತಿರುವುದು ಈ ಭಾಗವೇ. ಕೋಶದ್ರವದಲ್ಲಿ ಒಂದು ಗ್ಲೂಕೋಸ್ ಅಣು ಒಡೆದು ಎರಡು ಪೈರುವೇಟ್ ಆಗುತ್ತದೆ. ಪೈರುವೇಟ್ ಹೈಡ್ರೊಜಿನೋಸೋಮ್ ಒಳಗೆ ಬಂದಾಗ, ಮೈಟೋಕಾಂಡ್ರಿಯಾದಲ್ಲಿರುವ ಪೈರುವೇಟ್ ಡಿಹೈಡ್ರೊಜಿನೇಸ್ ಸಂಕೀರ್ಣದ ಬದಲು, ಪೈರುವೇಟ್–ಫೆರೆಡಾಕ್ಸಿನ್ ಆಕ್ಸಿಡೊರಿಡಕ್ಟೇಸ್ ಎಂಬ ಕಿಣ್ವ ಅದನ್ನು ಸೀಳುತ್ತದೆ. ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ, ಅಸಿಟೈಲ್ ಕೋಎಂಜೈಮ್-ಎ ಉಳಿಯುತ್ತದೆ, ಇಲೆಕ್ಟ್ರಾನ್‌ಗಳು ಫೆರೆಡಾಕ್ಸಿನ್ ಎಂಬ ಕಬ್ಬಿಣ-ಗಂಧಕದ ಪ್ರೋಟೀನನ್ನು ಸೇರುತ್ತವೆ. ಫೆರೆಡಾಕ್ಸಿನ್ ಅವನ್ನು ಹೈಡ್ರೊಜಿನೇಸ್ ಕಿಣ್ವಕ್ಕೆ ಕೊಡುತ್ತದೆ, ಹೈಡ್ರೊಜಿನೇಸ್ ಅವನ್ನು ಪ್ರೋಟಾನ್‌ಗಳೊಂದಿಗೆ ಕೂಡಿಸಿ ಜಲಜನಕ ಅನಿಲವನ್ನಾಗಿ ಮಾಡುತ್ತದೆ. ಮೈಟೋಕಾಂಡ್ರಿಯಾದಲ್ಲಿ ಆಮ್ಲಜನಕ ಮಾಡುವ ಕೆಲಸವನ್ನು ಇಲ್ಲಿ ಪ್ರೋಟಾನ್ ಮಾಡುತ್ತಿದೆ.

ಶಕ್ತಿ ದಕ್ಕುವುದು ಇನ್ನೊಂದು ಕವಲಿನಲ್ಲಿ. ಟ್ರೈಕೊಮೊನಾಡ್‌ಗಳಲ್ಲಿ (ಮೇಲೆ ಹೇಳಿದ ಟ್ರೈಟ್ರೈಕೊಮೊನಾಸ್ ಸೇರಿದ ಗುಂಪು) ಸ್ಪಷ್ಟವಾಗಿ ಬಿಡಿಸಿ ನೋಡಿರುವ ಕ್ರಮದಂತೆ, ಅಸಿಟೈಲ್ ಗುಂಪು ಅಸಿಟೇಟ್ ಆಗಿ ಹೊರಹೋಗುವಾಗ ಕೋಎಂಜೈಮ್-ಎ ಸಕ್ಸಿನೇಟ್‌ಗೆ ವರ್ಗವಾಗುತ್ತದೆ. ಹಾಗೆ ಉಂಟಾದ ಸಕ್ಸಿನೈಲ್ ಕೋಎಂಜೈಮ್-ಎ ಒಡೆಯುವಾಗ ಒಂದು ಎಟಿಪಿ ಹುಟ್ಟುತ್ತದೆ, ಸಕ್ಸಿನೇಟ್ ಮರಳಿ ಮುಂದಿನ ಸುತ್ತಿಗೆ ಸಿಗುತ್ತದೆ. ಈ ಕೊನೆಯ ಹೆಜ್ಜೆಯ ಕಿಣ್ವ ನಮ್ಮ ಮೈಟೋಕಾಂಡ್ರಿಯಾದಲ್ಲೂ ಇದೆ. ಹೀಗೆ ಒಂದು ಗ್ಲೂಕೋಸಿನಿಂದ ಕೋಶದ್ರವದಲ್ಲಿ ಎರಡು, ಹೈಡ್ರೊಜಿನೋಸೋಮಿನಲ್ಲಿ ಎರಡು, ಒಟ್ಟು ನಾಲ್ಕು ಎಟಿಪಿ. ಆಮ್ಲಜನಕ ಬಳಸುವ ಕೋಶಕ್ಕೆ ಅದೇ ಗ್ಲೂಕೋಸಿನಿಂದ ಸುಮಾರು 30 ಸಿಗುತ್ತವೆ. ನಾಲ್ಕು ಎಂಬುದು ಬಡತನದ ಗಳಿಕೆ ಎಂದು ಕಂಡರೂ, ಎರಡರಲ್ಲೇ ಜೀವನ ಸಾಗಿಸಬೇಕಾದ ಕೋಶಕ್ಕೆ ಅದು ದುಪ್ಪಟ್ಟು ಆದಾಯ ಎಂಬುದನ್ನು ಮರೆಯಬಾರದು.

ಈಗ ಜಲಜನಕವನ್ನು ಎಣಿಸೋಣ. ಒಂದು ಗ್ಲೂಕೋಸ್ ಪೂರ್ತಿಯಾಗಿ ಎರಡು ಅಸಿಟೇಟ್ ಮತ್ತು ಎರಡು ಇಂಗಾಲದ ಡೈಆಕ್ಸೈಡ್ ಆದರೆ, ನಾಲ್ಕು ಅಣು ಜಲಜನಕ ಹೊರಬೀಳಬೇಕು. ಅದರಲ್ಲಿ ಎರಡು ಮಾತ್ರ ಪೈರುವೇಟ್ ಸೀಳುವ ಹಂತದಿಂದ ಬರುತ್ತವೆ, ಆ ಹಂತ ಸಲೀಸಾಗಿ ನಡೆಯುತ್ತದೆ. ಉಳಿದೆರಡು ಗ್ಲೂಕೋಸನ್ನು ಒಡೆಯುವಾಗ ಎನ್‌ಎಡಿಎಚ್ ರೂಪದಲ್ಲಿ ಸಂಗ್ರಹವಾದ ಇಲೆಕ್ಟ್ರಾನ್‌ಗಳಿಂದ ಬರಬೇಕು. ಇವನ್ನು ಜಲಜನಕವಾಗಿಸುವುದು ಏರಿನಲ್ಲಿ ಗಾಡಿ ಎಳೆದಂತೆ: ಸುತ್ತಲಿನ ದ್ರವದಲ್ಲಿ ಜಲಜನಕದ ಒತ್ತಡ ಬಹಳ ಕಡಿಮೆ ಇದ್ದರೆ ಮಾತ್ರ ಸಾಧ್ಯ. ಒತ್ತಡ ಏರಿದರೆ ಕೋಶ ಆ ಇಲೆಕ್ಟ್ರಾನ್‌ಗಳನ್ನು ಲ್ಯಾಕ್ಟೇಟ್ ಅಥವಾ ಬ್ಯುಟಿರೇಟ್ ತಯಾರಿಕೆಯಲ್ಲಿ ಸುರಿಯಬೇಕಾಗುತ್ತದೆ. ಅಸಿಟೇಟ್ ಕಡಿಮೆಯಾಗುತ್ತದೆ, ಅದರೊಂದಿಗೆ ಎಟಿಪಿಯ ಗಳಿಕೆಯೂ ಇಳಿಯುತ್ತದೆ. ಆದ್ದರಿಂದ ತನ್ನ ಜಲಜನಕವನ್ನು ಯಾರಾದರೂ ಬೇಗ ಬೇಗ ಒಯ್ಯುತ್ತಿರಬೇಕು ಎಂಬುದು ಸಿಲಿಯೇಟ್‌ನ ಜೀವನಾಧಾರದ ಪ್ರಶ್ನೆ.

ಒಯ್ಯುವವರು ಮೀಥೇನ್ ತಯಾರಿಸುವ ಆರ್ಕಿಯಾಗಳು, ಅಂದರೆ ಬ್ಯಾಕ್ಟೀರಿಯಾದಂತೆ ಕಂಡರೂ ಬೇರೆಯೇ ವಂಶದ ಸೂಕ್ಷ್ಮಜೀವಿಗಳು. ನಾಲ್ಕು ಅಣು ಜಲಜನಕಕ್ಕೆ ಒಂದು ಅಣು ಇಂಗಾಲದ ಡೈಆಕ್ಸೈಡ್ ಕೂಡಿಸಿ ಒಂದು ಮೀಥೇನ್ ಮತ್ತು ಎರಡು ನೀರು ಮಾಡುವುದು ಅವುಗಳ ಬದುಕು. ಅಂದರೆ ಸಿಲಿಯೇಟ್ ಒಂದು ಗ್ಲೂಕೋಸನ್ನು ಎರಡು ಅಸಿಟೇಟ್ ಮಾಡಿದಾಗ ಉಳಿಯುವ ಜಲಜನಕ ಸರಿಯಾಗಿ ಒಂದು ಮೀಥೇನಿಗೆ ಸಾಕಾಗುತ್ತದೆ. ಈ ನಂಟು ಕೇವಲ ರಾಸಾಯನಿಕ ಲೆಕ್ಕದಲ್ಲಿ ಉಳಿದಿಲ್ಲ, ಕಣ್ಣಿಗೂ ಕಾಣುತ್ತದೆ. ಮೀಥೇನ್ ತಯಾರಕರಲ್ಲಿ ಎಫ್‌-420 ಎಂಬ ಸಹಕಿಣ್ವವಿದೆ; 420 ನ್ಯಾನೊಮೀಟರಿನ ಆಸುಪಾಸಿನ ನೇರಳೆ ಬೆಳಕು ಬಿದ್ದರೆ ಅದು ನೀಲಿ-ಹಸಿರಾಗಿ ಹೊಳೆಯುತ್ತದೆ. 1980ರಲ್ಲಿ ಫೋಗೆಲ್ಸ್ ಮತ್ತು ಸಂಗಡಿಗರು ರೂಮೆನ್‌ನ ಸಿಲಿಯೇಟ್‌ಗಳ ಮೇಲೆ ಆ ಬೆಳಕು ಹಾಯಿಸಿದಾಗ ಕೋಶದ ಮೈಗೆ ಅಂಟಿಕೊಂಡ ಮೀಥೇನ್ ತಯಾರಕರು ಕಂಡವು. ಕತ್ತಲ ಹಿನ್ನೆಲೆಯಲ್ಲಿ ಸಿಲಿಯೇಟ್‌ನ ಆಕಾರ ಮಂಕಾಗಿ, ಅದರ ಹೊರಮೈಯಲ್ಲಿ ನೀಲಿ-ಹಸಿರು ಚುಕ್ಕೆಗಳು ಮಾತ್ರ ಮಿನುಗುವ ಆ ನೋಟವನ್ನು ಕಂಡವರಿಗೆ, ಮೀಥೇನ್ ಎಂಬುದು ಒಂದೇ ಜೀವಿಯ ಉತ್ಪನ್ನವಲ್ಲ ಎಂಬುದನ್ನು ಬೇರೆ ವಿವರಿಸಬೇಕಾಗಿಲ್ಲ. ಮುಂದೆ ಕೆಲವು ಸಿಲಿಯೇಟ್‌ಗಳ ಒಳಗೂ ಅವು ನೆಲೆಸಿರುವುದು ತಿಳಿಯಿತು.

ರೂಮೆನ್ ಸಂಪೂರ್ಣ ಆಮ್ಲಜನಕರಹಿತ ಎಂಬ ಮಾತನ್ನು ಸ್ವಲ್ಪ ತಿದ್ದಬೇಕು. ಮೇವು, ನೀರು, ಜೊಲ್ಲಿನ ಜತೆ ಆಮ್ಲಜನಕ ಬರುತ್ತದೆ, ರೂಮೆನ್ ಗೋಡೆಯ ರಕ್ತದಿಂದಲೂ ಅಷ್ಟಿಷ್ಟು ಒಳಸೇರುತ್ತದೆ. ಅದೇ ಬಿಸಿಯಲ್ಲಿ ಗಾಳಿಗೆ ತೆರೆದಿಟ್ಟ ಒಂದು ಲೀಟರ್ ನೀರಿನಲ್ಲಿ ಸುಮಾರು 200 ಮೈಕ್ರೊಮೋಲ್ ಆಮ್ಲಜನಕ ಕರಗಿರುತ್ತದೆ, ರೂಮೆನ್‌ನಲ್ಲಿ ಅಳೆದಾಗ ಸಿಗುವುದು ಮೂರಕ್ಕಿಂತ ಕಡಿಮೆ. ಹೈಡ್ರೊಜಿನೇಸ್ ಆಮ್ಲಜನಕವನ್ನು ಸಹಿಸದ ಕಿಣ್ವ. ಆದರೂ ಡಾಸಿಟ್ರೈಕಾ ಮತ್ತು ಐಸೊಟ್ರೈಕಾ ಈ ಅಲ್ಪ ಪ್ರಮಾಣದ ಆಮ್ಲಜನಕವನ್ನು ಹೀರಿ ನೀಗಿಸಬಲ್ಲವು ಎಂದು ಲಾಯ್ಡ್ ಅವರ ತಂಡ 1980ರ ದಶಕದ ಪ್ರಯೋಗಗಳಲ್ಲಿ ತೋರಿಸಿತು. ಹಾಗೆ ನೋಡಿದರೆ ಆಮ್ಲಜನಕದ ಸುಳಿವೇ ಇಲ್ಲದಿರಬೇಕಾದ ಮೀಥೇನ್ ತಯಾರಕರಿಗೆ ಸಿಲಿಯೇಟ್‌ನಿಂದ ಸಿಗುವುದು ಆಹಾರ ಮಾತ್ರವಲ್ಲ, ಕಾವಲು ಕೂಡ.

ಈ ಕಣದಂಗ ಎಲ್ಲಿಂದ ಬಂತು ಎಂಬ ವಿಚಾರ ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ವಾದಕ್ಕೆ ಆಹಾರವಾಗಿತ್ತು. ಜೋಡಿ ಪೊರೆ, ಎಟಿಪಿ ತಯಾರಿಸುವ ಗುಣ ಇವೆಲ್ಲ ಮೈಟೋಕಾಂಡ್ರಿಯಾವನ್ನು ನೆನಪಿಸುತ್ತವೆ. ಆದರೆ ಮೈಟೋಕಾಂಡ್ರಿಯಾಕ್ಕೆ ತನ್ನದೇ ಡಿಎನ್‌ಎ ಇದೆ, ಟ್ರೈಕೊಮೊನಾಡ್‌ಗಳ ಹೈಡ್ರೊಜಿನೋಸೋಮಿನಲ್ಲಿ ಅದು ಸಿಗಲಿಲ್ಲ. 1995ರಲ್ಲಿ ಎಂಬ್ಲಿ ಮತ್ತು ಸಹೋದ್ಯೋಗಿಗಳು ಸಿಲಿಯೇಟ್‌ಗಳ ವಂಶವೃಕ್ಷವನ್ನು ಬಿಡಿಸಿ, ಹೈಡ್ರೊಜಿನೋಸೋಮ್ ಇರುವ ಪ್ರಭೇದಗಳು ಒಂದೇ ಕೊಂಬೆಯಲ್ಲಿ ಇಲ್ಲವೆಂದೂ, ಗಾಳಿಯಲ್ಲಿ ಬದುಕುವ ಸಿಲಿಯೇಟ್‌ಗಳ ನಡುವೆ ಅಲ್ಲಲ್ಲಿ ಬೇರೆ ಬೇರೆಯಾಗಿ ಹುಟ್ಟಿಕೊಂಡಿವೆಯೆಂದೂ ತೋರಿಸಿದರು. ಮೂರು ವರ್ಷಗಳ ನಂತರ ಜಿರಲೆಯ ಕರುಳಿನಲ್ಲಿ ವಾಸಿಸುವ ನಿಕ್ಟೊಥೀರಸ್ ಓವಾಲಿಸ್ ಎಂಬ ಸಿಲಿಯೇಟ್‌ನ ಹೈಡ್ರೊಜಿನೋಸೋಮಿನಲ್ಲಿ ಜೀನೋಮ್ ಸಿಕ್ಕಿತು. ಅದು ಮೈಟೋಕಾಂಡ್ರಿಯಾದ ಮಾದರಿಯದೇ ಎಂದು 2005ರಲ್ಲಿ ಖಚಿತವಾಯಿತು. ಆಮ್ಲಜನಕವಿಲ್ಲದ ನೆಲೆಗೆ ಸರಿದ ಜೀವಿಗಳಲ್ಲಿ ಮೈಟೋಕಾಂಡ್ರಿಯಾ ತನ್ನ ಉಸಿರಾಟದ ಸರಪಳಿಯನ್ನು ಕಳಚಿಕೊಂಡು, ಹೈಡ್ರೊಜಿನೇಸನ್ನು ಅಳವಡಿಸಿಕೊಂಡು ಈ ರೂಪ ತಾಳಿದೆ ಎಂಬುದನ್ನು ಇಂದು ಬಹುತೇಕ ಎಲ್ಲರೂ ಒಪ್ಪುತ್ತಾರೆ.

ಕುರಿಯ ರೂಮೆನ್ ಇದಕ್ಕೆ ಇನ್ನೊಂದು ಸಾಕ್ಷಿಯನ್ನೂ ಒದಗಿಸಿದೆ. ಅಲ್ಲಿ ಬಾಲಗಳನ್ನು ಬಡಿಯುತ್ತ ಈಜುವ ಒಂದು ಬಗೆಯ ಕೋಶಗಳನ್ನು ಬಹುಕಾಲ ಪ್ರೊಟೊಜೋವಾ ಎಂದೇ ಎಣಿಸಲಾಗಿತ್ತು. 1975ರಲ್ಲಿ ಕಾಲಿನ್ ಆರ್ಪಿನ್ ಅವು ನಿಯೊಕ್ಯಾಲಿಮ್ಯಾಸ್ಟಿಕ್ಸ್ ಎಂಬ ಶಿಲೀಂಧ್ರದ ಬೀಜಾಣುಗಳೆಂದು ತೋರಿಸಿದರು. 1986ರಲ್ಲಿ ಆ ಶಿಲೀಂಧ್ರದಲ್ಲೂ ಹೈಡ್ರೊಜಿನೋಸೋಮ್ ಕಂಡಿತು. ಸಿಲಿಯೇಟ್ ಮತ್ತು ಶಿಲೀಂಧ್ರ ಪರಸ್ಪರ ಬಹು ದೂರದ ನೆಂಟರು. ಒಂದೇ ಹೊಟ್ಟೆಯ ಒಂದೇ ಒತ್ತಡಕ್ಕೆ ಸಿಕ್ಕಿ ಇಬ್ಬರ ಮೈಟೋಕಾಂಡ್ರಿಯಾವೂ ಒಂದೇ ಪರಿಹಾರ ಕಂಡುಕೊಂಡಿದೆ ಎಂಬುದು, ನನ್ನ ದೃಷ್ಟಿಯಲ್ಲಿ, ಜೀವವಿಕಾಸದ ಅತ್ಯಂತ ಮನಮುಟ್ಟುವ ಉದಾಹರಣೆಗಳಲ್ಲಿ ಒಂದು.

ಈ ಹಿನ್ನೆಲೆಯಲ್ಲಿ ಮೀಥೇನ್ ಪ್ರಶ್ನೆಗೆ ಬರೋಣ. ನೂರು ವರ್ಷಗಳ ಅವಧಿಯಲ್ಲಿ ಲೆಕ್ಕ ಹಾಕಿದರೆ ಮೀಥೇನ್ ಅದೇ ತೂಕದ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಹೆಚ್ಚು ಬಿಸಿ ಹಿಡಿದಿಡುತ್ತದೆ. 2021ರ ಗ್ಲಾಸ್ಗೋ ಹವಾಮಾನ ಸಮಾವೇಶದಲ್ಲಿ ಪ್ರಕಟವಾದ ಜಾಗತಿಕ ಮೀಥೇನ್ ಪ್ರತಿಜ್ಞೆ, 2020ರ ಮಟ್ಟಕ್ಕೆ ಹೋಲಿಸಿ 2030ರೊಳಗೆ ಶೇ. 30ರಷ್ಟು ಕಡಿತವನ್ನು ಗುರಿಯಾಗಿಸಿಕೊಂಡಿದೆ. ಮೆಲುಕು ಹಾಕುವ ಪ್ರಾಣಿಗಳ ತೇಗು ಈ ಲೆಕ್ಕದ ದೊಡ್ಡ ಭಾಗ. ಪ್ರಾಣಿಗೂ ಇದು ನಷ್ಟವೇ: ತಿಂದ ಮೇವಿನ ಒಟ್ಟು ಶಕ್ತಿಯಲ್ಲಿ ಶೇ. 2ರಿಂದ 12ರವರೆಗೆ ಮೀಥೇನಾಗಿ ಹೊರಹೋಗುತ್ತದೆ. ಚರ್ಚೆಯ ಗಮನವೆಲ್ಲ ಮೀಥೇನ್ ತಯಾರಕರ ಮೇಲಿದೆ. ಅದು ತಪ್ಪಲ್ಲ, ಆದರೆ ಅಪೂರ್ಣ. ಅವಕ್ಕೆ ಜಲಜನಕ ಒದಗಿಸುವವರನ್ನು ಬಿಟ್ಟು ಲೆಕ್ಕ ಮಾಡಿದರೆ ಖರ್ಚಿನ ಪುಟ ನೋಡಿ ಜಮೆಯ ಪುಟ ಬಿಟ್ಟಂತೆ ಆಗುತ್ತದೆ.

ಒದಗಿಸುವವರಲ್ಲಿ ಬ್ಯಾಕ್ಟೀರಿಯಾಗಳೂ ಶಿಲೀಂಧ್ರಗಳೂ ಇವೆ. ಸಿಲಿಯೇಟ್‌ಗಳ ಪಾಲು ಎಷ್ಟು? ಅವುಗಳ ಜತೆಗಿರುವ ಮೀಥೇನ್ ತಯಾರಕರಿಂದ ಬರುವ ಮೀಥೇನ್ ಒಟ್ಟಿನ ಶೇ. 37ರವರೆಗೆ ಇರಬಹುದೆಂದು 1994ರಲ್ಲಿ ಫಿನ್ಲೆ ತಂಡ ಅಂದಾಜಿಸಿತು. ಮರುವರ್ಷ ನ್ಯೂಬೋಲ್ಡ್ ಮತ್ತು ಸಂಗಡಿಗರು ಪ್ರಯೋಗಾಲಯದಲ್ಲಿ ಅಳೆದಾಗ ಸಿಕ್ಕಿದ್ದು ಶೇ. 9ರಿಂದ 25. ರೂಮೆನ್‌ನಿಂದ ಪ್ರೊಟೊಜೋವಾಗಳನ್ನು ಪೂರ್ತಿ ತೆಗೆದ ಅನೇಕ ಪ್ರಯೋಗಗಳನ್ನು ಒಟ್ಟುಗೂಡಿಸಿ 2015ರಲ್ಲಿ ಮಾಡಿದ ವಿಶ್ಲೇಷಣೆಯಲ್ಲಿ ಮೀಥೇನ್ ಇಳಿಕೆ ಶೇ. 11ರಷ್ಟಿತ್ತು. ಬ್ಯಾಕ್ಟೀರಿಯಾಗಳನ್ನು ಹಿಡಿದು ತಿನ್ನುವ ಸಿಲಿಯೇಟ್‌ಗಳು ಇಲ್ಲವಾದ್ದರಿಂದ ಪ್ರಾಣಿಗೆ ಸಿಗುವ ಸೂಕ್ಷ್ಮಜೀವಿ ಪ್ರೋಟೀನ್ ಶೇ. 30ರವರೆಗೆ ಹೆಚ್ಚಿತು. ಇಷ್ಟಕ್ಕೇ ನಿಂತಿದ್ದರೆ ಪ್ರೊಟೊಜೋವಾಗಳನ್ನು ಹೊರಹಾಕುವುದೇ ಲೇಸು ಎನ್ನಬಹುದಿತ್ತು. ಆದರೆ ಅದೇ ವಿಶ್ಲೇಷಣೆಯಲ್ಲಿ ಮೇವಿನ ನಾರಿನ ಜೀರ್ಣ ಶೇ. 20ರಷ್ಟು ಕುಸಿದಿತ್ತು. ಒರಟು ಮೇವನ್ನು ಅರಗಿಸುವುದೇ ಕುರಿಯ ಶಕ್ತಿಯಾಗಿರುವಾಗ ಇದು ಸಣ್ಣ ಬೆಲೆಯಲ್ಲ.

ಎಲ್ಲ ಸಿಲಿಯೇಟ್‌ಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದೂ ಸರಿಯಲ್ಲ. ಪ್ರೊಟೊಜೋವಾ ಇಲ್ಲದೆ ಬೆಳೆಸಿದ ಕುರಿಗಳಿಗೆ ಮೊದಲು ಮೈತುಂಬ ಲೋಮಗಳಿರುವ ಡಾಸಿಟ್ರೈಕಾ, ಐಸೊಟ್ರೈಕಾ ಗುಂಪನ್ನು ಮಾತ್ರ, ನಂತರ ಉಳಿದೆಲ್ಲವನ್ನು ಸೇರಿಸಿ ನೋಡಿದ ಬೆಲಾಂಚೆ ಮತ್ತು ಸಂಗಡಿಗರ ಪ್ರಯೋಗದಲ್ಲಿ, ಮೀಥೇನ್ ಏರಿದ್ದು ಮೊದಲ ಹಂತದಲ್ಲಿಯೇ. ಸಂಖ್ಯೆಯಲ್ಲಿ ಈ ಗುಂಪು ಚಿಕ್ಕದು. ಆದರೆ ಕರಗಿದ ಸಕ್ಕರೆಯನ್ನು ಹೀರಿ ಜಲಜನಕ ಬಿಡುವುದರಲ್ಲಿ ಮುಂದು. ನಾರು ಒಡೆಯುವ ಕಿಣ್ವಗಳಲ್ಲಿ ಸಮೃದ್ಧವಾದದ್ದು ಇನ್ನೊಂದು ಗುಂಪಿನ ಎಪಿಡಿನಿಯಮ್, ಪಾಲಿಪ್ಲಾಸ್ಟ್ರಾನ್ ಮೊದಲಾದವು. ಆದ್ದರಿಂದ ಪ್ರೊಟೊಜೋವಾಗಳನ್ನು ಸಾರಾಸಗಟಾಗಿ ನಿರ್ಮೂಲ ಮಾಡುವ ಯೋಚನೆಗಿಂತ ಮೊದಲ ಗುಂಪನ್ನು ಮಾತ್ರ ತಗ್ಗಿಸುವ ದಾರಿ ಹುಡುಕುವುದು ಹೆಚ್ಚು ವಿವೇಕದ್ದೆಂದು ನನಗನ್ನಿಸುತ್ತದೆ. ಅದಕ್ಕೆ ದೊಡ್ಡ ಅಡಚಣೆ, ಈ ಸಿಲಿಯೇಟ್‌ಗಳನ್ನು ಬ್ಯಾಕ್ಟೀರಿಯಾಗಳಿಲ್ಲದೆ ಪ್ರತ್ಯೇಕವಾಗಿ ದೀರ್ಘಕಾಲ ಸಾಕುವುದು ಬಹಳ ಕಷ್ಟ ಎಂಬುದು. ಆ ಕಾರಣಕ್ಕೇ ಒಂಟಿ ಕೋಶಗಳನ್ನು ಒಂದೊಂದಾಗಿ ಹೆಕ್ಕಿ ಡಿಎನ್‌ಎ ಓದುವ ವಿಧಾನ ಮಹತ್ವ ಪಡೆಯಿತು. 2022ರಲ್ಲಿ ಹಾಗೆ 22 ಬಗೆಯ ರೂಮೆನ್ ಸಿಲಿಯೇಟ್‌ಗಳ 52 ಜೀನೋಮ್‌ಗಳು ಪ್ರಕಟವಾದವು.

ಇಂದು ಬಳಕೆಗೆ ಬರುತ್ತಿರುವ ಪರಿಹಾರ ಮಾತ್ರ ಇನ್ನೊಂದು ತುದಿಯದು. 3-ನೈಟ್ರೊಆಕ್ಸಿಪ್ರೊಪನಾಲ್ ಎಂಬ ರಾಸಾಯನಿಕ ಮೀಥೇನ್ ತಯಾರಿಕೆಯ ಕೊನೆಯ ಹಂತದ ಕಿಣ್ವವನ್ನು ತಡೆಯುತ್ತದೆ. ಹಾಲು ಕರೆಯುವ ಹಸುಗಳಲ್ಲಿ ಮೀಥೇನ್ ಸುಮಾರು ಶೇ. 30ರಷ್ಟು ಇಳಿದಿದೆ. ಯುರೋಪಿಯನ್ ಒಕ್ಕೂಟ 2022ರಲ್ಲಿ ಇದಕ್ಕೆ ಅನುಮತಿ ನೀಡಿತು. ಆದರೆ ಮೇಲೆ ಎಣಿಸಿದ ಜಲಜನಕ ಎಲ್ಲಿಗೂ ಮಾಯವಾಗುವುದಿಲ್ಲ. ಈ ಮದ್ದು ತಿಂದ ಹಸುಗಳ ತೇಗಿನಲ್ಲಿ ಜಲಜನಕ ಹೆಚ್ಚಿದ್ದು ಅಳತೆಗೆ ಸಿಕ್ಕಿದೆ. ರೂಮೆನ್ ದ್ರವದಲ್ಲಿ ಅದರ ಒತ್ತಡ ಏರಿದರೆ ಹೈಡ್ರೊಜಿನೋಸೋಮಿನ ಆ ಎರಡನೆಯ ಜೋಡಿ ಜಲಜನಕ ಕಟ್ಟಿಬೀಳುತ್ತದೆ, ಸಿಲಿಯೇಟ್ ಅಸಿಟೇಟ್‌ನಿಂದ ಬ್ಯುಟಿರೇಟ್ ಅಥವಾ ಲ್ಯಾಕ್ಟೇಟ್ ಕಡೆ ಹೊರಳುತ್ತದೆ. ಗ್ಲೂಕೋಸನ್ನು ಪ್ರೊಪಿಯೊನೇಟ್ ಮಾಡುವ ಬ್ಯಾಕ್ಟೀರಿಯಾಗಳು ಒಂದು ಗ್ಲೂಕೋಸಿಗೆ ಎರಡು ಅಣು ಜಲಜನಕವನ್ನು ಬಳಸಿಕೊಳ್ಳಬಲ್ಲವಾದ್ದರಿಂದ, ಉಳಿಕೆಯನ್ನು ಆ ಕಡೆ ತಿರುಗಿಸಿದರೆ ಅದು ಪ್ರಾಣಿಗೆ ಉಪಯುಕ್ತ ಆಹಾರವಾಗಿ ದಕ್ಕುತ್ತದೆ. ತೇಗಿನಲ್ಲಿ ಹೋದರೆ ಶಕ್ತಿ ಮತ್ತೆ ಗಾಳಿಪಾಲು.

ಹೊತ್ತಿನ ಲೆಕ್ಕವೂ ಇಲ್ಲಿ ಸೇರುತ್ತದೆ. ಐಸೊಟ್ರೈಕಾಗಳು ಮೇವಿಲ್ಲದ ಹೊತ್ತಿನಲ್ಲಿ ರೂಮೆನ್‌ಗೆ ಅಂಟಿಕೊಂಡಿರುವ ಜಾಲಹೊಟ್ಟೆಯ ಗೋಡೆಯ ಬಳಿ ತಂಗಿರುತ್ತವೆ. ಪ್ರಾಣಿ ತಿನ್ನಲು ತೊಡಗಿದಾಗ ಸಕ್ಕರೆಯ ಜಾಡು ಹಿಡಿದು ರೂಮೆನ್‌ಗೆ ಈಜಿ ಬಂದು, ಹೊಸ ಹುಲ್ಲಿನ ಚೂರುಗಳಿಗೆ ಅಂಟಿಕೊಂಡು ಹೀರಲು ಶುರುಮಾಡುತ್ತವೆ. ಜಲಜನಕದ ಮಟ್ಟ ಏರುವುದು ಕೂಡ ಮೇವು ತಿಂದ ಬೆನ್ನಿಗೇ. 3-ನೈಟ್ರೊಆಕ್ಸಿಪ್ರೊಪನಾಲ್ ರೂಮೆನ್‌ನಲ್ಲಿ ಬೇಗ ಕರಗಿ ಮುಗಿಯುವ ವಸ್ತು. ಕೊಟ್ಟಿಗೆಯ ಪ್ರಾಣಿಗೆ ಅದನ್ನು ಪ್ರತಿ ತುತ್ತಿನ ಮೇವಿನಲ್ಲೂ ಬೆರೆಸಬಹುದು. ದಿನವಿಡೀ ಬಯಲಲ್ಲಿ ಮೇಯುವ ಕುರಿಯ ಪ್ರತಿ ಮೇಯುವಿಕೆಯ ಹಿಂದೆಯೂ ಐಸೊಟ್ರೈಕಾಗಳು ಮತ್ತೆ ಮತ್ತೆ ಮೇಲೇಳುತ್ತಿರುವಾಗ, ಬೆಳಗ್ಗೆ ಒಮ್ಮೆ ಕೊಟ್ಟ ಮದ್ದು ಮಧ್ಯಾಹ್ನದ ಮೇವಿನ ಹೊತ್ತಿಗೆ ಉಳಿದಿರುವುದಿಲ್ಲ.